ಪಾಠಕ್ಕೆ ಬೆಲೆ ಕಟ್ಟುವ ಲೆಕ್ಕ

ಮಕ್ಕಳೇ, ಮನೆಯ ಹಿರಿಯರೇ, ಈ ವಾರ ಒಂದು ಪೆನ್ಸಿಲ್ಲು, ಒಂದು ಹಾಳೆ ಹತ್ತಿರ ಇಟ್ಟುಕೊಂಡು ಕೂರಿ. ಸ್ವಲ್ಪ ಲೆಕ್ಕ ಇದೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಿಂದ ಏಳನೇ ತರಗತಿಯ ಹುಡುಗನೊಬ್ಬ ಕಾಗದ ಬರೆದಿದ್ದಾನೆ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕುವುದಿಲ್ಲ. ಅವನ ಚಿಕ್ಕಮ್ಮ ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಎತ್ತಿದ ಕೈಯಂತೆ. ಅದನ್ನೇ ಮೊಬೈಲಿನಲ್ಲಿ ಪಾಠ ಮಾಡಿ ಊರೂರಿಗೂ ಮಾರಬಹುದು ಅಂತ ಜಾಹೀರಾತು ನೋಡಿದ್ದಾರೆ. ಆದರೆ ಪಾಠ ಮಾರುವುದು ಹೇಗೆ ಅಂತ ಕಲಿಸುವುದಕ್ಕೇ ಆ ಜಾಹೀರಾತಿನವರು 30,000 ರೂಪಾಯಿ ಕೇಳುತ್ತಾರೆ. "ನಮ್ಮ ತಾತ ಅಟ್ಟದ ಕಾಯಿ ಇಳಿಸಿ ಮಾರಿ ಕೊಡ್ತೀನಿ ಅಂತಾರೆ. ಅಜ್ಜಿ ಬೇಡ ಅಂತಾರೆ. ಮನೆಯಲ್ಲಿ ಮೂರು ದಿನದಿಂದ ಯಾರೂ ಸರಿಯಾಗಿ ಮಾತಾಡ್ತಿಲ್ಲ. ನೀವು ಬ್ಯಾಂಕಿನಲ್ಲಿದ್ದವರು, ಯಾರು ಸರಿ ಅಂತ ಹೇಳಿ ತಾತ" ಅಂತ ಕೇಳಿದ್ದಾನೆ.

ಬೇರೆ ಸೀಮೆಯ ಮಕ್ಕಳಿಗೆ ಅಟ್ಟದ ವಿಷಯ ಹೇಳಿಬಿಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರಿಬಿಡುವವರಿಗಿಂತ ಅಟ್ಟಕ್ಕೆ ಏರಿಸುವವರೇ ಹೆಚ್ಚು. ಅಲ್ಲಿ ಅದು ಒಂಬತ್ತು ಹತ್ತು ತಿಂಗಳು, ಕೆಲವು ಸಲ ವರ್ಷ ಕಾಯುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟ ಲೊಟ ಅನ್ನಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ ಗಿಟುಕು ಬರುತ್ತದೆ. ಅವಸರಕ್ಕೆ ಇಳಿಸಿದರೆ ಒಳಗೆ ಹಸಿ ಇರುತ್ತದೆ, ತೂಕ ಬೇರೆ, ದರ ಬೇರೆ. ನಮ್ಮ ಮನೆಗಳಲ್ಲಿ ಅಟ್ಟ ಅಂದರೆ ಬ್ಯಾಂಕಿನ ಠೇವಣಿ ಇದ್ದ ಹಾಗೆ, ಅವಧಿಗೆ ಮುಂಚೆ ಮುರಿದರೆ ನಷ್ಟ. ಅಜ್ಜಿಗೆ ಇದು ಗೊತ್ತು.

ಹಾಗಂತ ಚಿಕ್ಕಮ್ಮನ ಆಸೆ ತಪ್ಪಲ್ಲ. ದೂರದಲ್ಲಿರುವವರಿಗೆ ಪಾಠ ಮಾರುವುದು ಹೊಸ ವ್ಯಾಪಾರವೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ನಾವು ಗುಮಾಸ್ತರು ಸಿಎಐಐಬಿ ಅನ್ನುವ ಬ್ಯಾಂಕಿಂಗ್ ಪರೀಕ್ಷೆಗೆ ಅಂಚೆಯಲ್ಲೇ ಪಾಠ ತರಿಸಿಕೊಂಡು ಓದುತ್ತಿದ್ದೆವು. ಪಾಸಾದರೆ ಸಂಬಳದಲ್ಲಿ ಇನ್‌ಕ್ರಿಮೆಂಟು ಸಿಗುತ್ತಿತ್ತು. ಪಾಠದ ಹಾಳೆಗಳನ್ನು ಒಬ್ಬ ತರಿಸಿದರೆ ನಾಲ್ವರು ಕೈಯಲ್ಲಿ ನಕಲು ಮಾಡಿಕೊಳ್ಳಬಹುದಿತ್ತು. ಹಾಗಿದ್ದರೂ ಪ್ರತಿಯೊಬ್ಬರೂ ದುಡ್ಡು ಕಟ್ಟಿದ್ದು ಏತಕ್ಕೆ? ನಾವು ಬರೆದು ಕಳಿಸಿದ ಉತ್ತರವನ್ನು ಯಾರೋ ಓದಿ, ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ, ವಾಪಸು ಕಳಿಸುತ್ತಿದ್ದರಲ್ಲ, ಅದಕ್ಕೆ.

ಆ ಕೆಂಪು ಶಾಯಿಯನ್ನು ನೆನಪಿಟ್ಟುಕೊಳ್ಳಿ, ಕಂದ. ಮುಂದೆ ಬೇಕಾಗುತ್ತದೆ.

ಈಗ ನಮ್ಮ ಜಿಲ್ಲೆಯದೇ ಒಂದು ಸಂಗತಿ. 2021ರಲ್ಲಿ ಕೊರೊನಾ ಕಾಲ, ಬಾಳೆಕಾಯಿ ಕೇಳುವವರಿರಲಿಲ್ಲ. ಆಗ ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು 'ಎನಿ ಟೈಮ್ ವೆಜಿಟೇಬಲ್' ಎಂಬ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಾಳೆಕಾಯಿ ಹಿಟ್ಟಿನ ವಿಷಯ ಎತ್ತಿದರು. ಕೇರಳದ ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ತಜ್ಞೆಯೊಬ್ಬರು ಮಾಡುವ ವಿಧಾನವನ್ನು ಫೋನಿನಲ್ಲೇ ತಿಳಿಸಿಕೊಟ್ಟರು. ಕೇಳಿಸಿಕೊಂಡು ಬೇಗನೆ ಮಾಡಿ ತೋರಿಸಿದವರಲ್ಲಿ ನಮ್ಮ ತುಮಕೂರು ಜಿಲ್ಲೆಯ ಒಬ್ಬ ಗೃಹಿಣಿಯೂ ಇದ್ದರು. ಕಾಯಿ ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ಆ ಹಿಟ್ಟಿನ ತಿಂಡಿಗಳ ಚಿತ್ರ ಗುಂಪಿಗೆ ಹಾಕಿದರು. ನೋಡಿದವರು ಮಾಡಿದರು, ಅವರನ್ನು ನೋಡಿ ಇನ್ನಷ್ಟು ಜನ. 'ಬಾಕಾಹು' ಅಂತ ಹೆಸರೂ ಬಿತ್ತು. ಬಾಳೆ ಕಾಯಿ ಹುಡಿ ಅನ್ನುವುದರ ಮೊದಲ ಅಕ್ಷರಗಳು. ನಮ್ಮ ಕಡೆ ಹುಡಿ ಅನ್ನುವುದಿಲ್ಲ, ಪುಡಿ ಅನ್ನುತ್ತೇವೆ. ಆದರೆ ಕರಾವಳಿಯವರು ಇಟ್ಟ ಹೆಸರನ್ನು ನಾವೇಕೆ ತಿದ್ದಬೇಕು! ಆ ಜುಲೈನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲೂ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಮಾಡುವ ಬಾಳೆಕಾಯಿ ಹಿಟ್ಟಿನ ಪ್ರಸ್ತಾಪ ಬಂತು.

ಆ ಪಾಠಕ್ಕೆ ಯಾರೂ 30,000 ಕೊಡಲಿಲ್ಲ. ಕೈಯಲ್ಲಿದ್ದ ಫೋನೇ ಶಾಲೆ. ಅದು ಹಬ್ಬಿದ್ದು ವಿಡಿಯೋ ಚೆಂದವಿತ್ತು ಅಂತಲ್ಲ. ಮಾಡುವಾಗ ಸಂಶಯ ಬಂದರೆ ಕೇಳಬಹುದಿತ್ತು, ಗೊತ್ತಿದ್ದವರು ಉತ್ತರ ಹೇಳುತ್ತಿದ್ದರು.

ಬೆಂಗಳೂರಿನಲ್ಲಿ ಅನೂಪ್ ಮಯ್ಯ ಎಂಬ ತರುಣ 'ಕನ್ನಡ ಗೊತ್ತಿಲ್ಲ' ಅನ್ನುವ ಹೆಸರಿನಲ್ಲಿ ಹೊರ ರಾಜ್ಯದವರಿಗೆ ವಾಟ್ಸ್ಆ್ಯಪಿನಲ್ಲಿ ಕನ್ನಡ ಕಲಿಸಲು ತೊಡಗಿದ್ದೂ ಇದೇ ರೀತಿ. ಆಟೋದವರ ಹತ್ತಿರ, ತರಕಾರಿ ಅಂಗಡಿಯಲ್ಲಿ ಏನು ಮಾತಾಡಬೇಕೋ ಅದು ಮೊದಲು, ವ್ಯಾಕರಣ ಆಮೇಲೆ. ಕಲಿಯುವವನಿಗೆ ನಾಳೆ ಬೆಳಿಗ್ಗೆಯೇ ಬೇಕಾದದ್ದನ್ನು ಇವತ್ತು ಕೊಟ್ಟರೆ ಅವನು ಬಿಟ್ಟು ಹೋಗುವುದಿಲ್ಲ.

ಅಜ್ಜಿ ಇಲ್ಲಿ ಒಂದು ಪ್ರಶ್ನೆ ಕೇಳಿರುತ್ತಾರೆ: ಯೂಟ್ಯೂಬಿನಲ್ಲಿ ಕುಚ್ಚು ಕಟ್ಟುವುದು ಪುಕ್ಕಟೆ ಸಿಗುವಾಗ ಇವಳಿಗೆ ಯಾರು ದುಡ್ಡು ಕೊಡುತ್ತಾರೆ? ಒಳ್ಳೆಯ ಪ್ರಶ್ನೆ. ಪುಕ್ಕಟೆ ವಿಡಿಯೋ ನೋಡಿ ಕುಚ್ಚು ಕಟ್ಟಿದ ಹುಡುಗಿಗೆ ಗಂಟುಗಳು ಒಂದೇ ಸಾಲಿಗೆ ಬರುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ. ಎಲ್ಲಿ ತಪ್ಪಿತು ಅಂತ ವಿಡಿಯೋವನ್ನು ಕೇಳಿದರೆ ಅದು ಮತ್ತೆ ಅದನ್ನೇ ಹೇಳುತ್ತದೆ. ಚಿಕ್ಕಮ್ಮನಿಗೆ ಫೋಟೋ ಕಳಿಸಿದರೆ ಅವರು ನೋಡಿ, "ಎಳೆ ಬಿಡಿಸುವಾಗಲೇ ಒಂದು ಕಡೆ ಹೆಚ್ಚು ತಗೊಂಡಿದ್ದೀಯ, ಮೂರನೇ ಗಂಟು ಬಿಚ್ಚು" ಅನ್ನುತ್ತಾರೆ. ಇದೇ ಕೆಂಪು ಶಾಯಿ. ಮಾರಬೇಕಾದ ಸರಕು ಇದು, ವಿಡಿಯೋ ಅದರ ಮೇಲಿನ ಪೊಟ್ಟಣ ಮಾತ್ರ.

ಈಗ ಪೆನ್ಸಿಲ್ ತೆಗೆದುಕೊಳ್ಳಿ.

ಚಿಕ್ಕಮ್ಮ ಒಂದು ತಿಂಗಳ ಪಾಠಕ್ಕೆ ತಲೆಗೆ 300 ರೂಪಾಯಿ ಇಟ್ಟರು, 20 ಜನ ಸೇರಿದರು ಅನ್ನೋಣ. ಬಂದದ್ದು 6,000. ಒಬ್ಬೊಬ್ಬರು ವಾರಕ್ಕೆ ಮೂರು ಫೋಟೋ ಕಳಿಸಿದರೆ ವಾರಕ್ಕೆ 60 ಫೋಟೋ. ಒಂದನ್ನು ನೋಡಿ ಉತ್ತರ ಹೇಳಲು ಐದು ನಿಮಿಷ ಹಿಡಿದರೆ 300 ನಿಮಿಷ, ಅಂದರೆ ವಾರಕ್ಕೆ 5 ಗಂಟೆ. ಅಡುಗೆ, ಕೊಟ್ಟಿಗೆ, ಮಕ್ಕಳ ನಡುವೆ 5 ಗಂಟೆ ಹೊಂದಿಸಬಹುದು. 200 ಜನ ಸೇರಿದರೆ? ಮಕ್ಕಳೇ, ನೀವೇ ಗುಣಿಸಿ. ವಾರಕ್ಕೆ 50 ಗಂಟೆ! ಬ್ಯಾಂಕಿನಲ್ಲಿ ನಾನೂ ಅಷ್ಟು ಹೊತ್ತು ಕೆಲಸ ಮಾಡಿದವನಲ್ಲ. ಆದ್ದರಿಂದ ಒಬ್ಬರೇ ನಡೆಸುವ ಈ ವ್ಯಾಪಾರ ಸಣ್ಣದಾಗಿಯೇ ಇರುತ್ತದೆ. ಸಣ್ಣದು ಅಂದರೆ ಕೀಳಲ್ಲ. ಎರಡು ತಂಡಕ್ಕೆ ಕಲಿಸಿದರೆ 40 ಜನ, 12,000 ರೂಪಾಯಿ. 2024ರ ಹಂಗಾಮಿಗೆ ಸರ್ಕಾರ ಒಂದು ಕ್ವಿಂಟಲ್ ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ್ದ ಬೆಂಬಲ ಬೆಲೆಯೂ 12,000ವೇ. ತಾತನಿಗೆ ಈ ಸಾಲನ್ನು ಗಟ್ಟಿಯಾಗಿ ಓದಿ ಹೇಳು ಮಗು.

ಅದೇ ಲೆಕ್ಕದಲ್ಲಿ ಆ 30,000ವನ್ನೂ ನೋಡಿ. ಎರಡೂವರೆ ಕ್ವಿಂಟಲ್ ಕೊಬ್ಬರಿ ಮಾರಿದ ದುಡ್ಡು. ಅದನ್ನು ವಾಪಸು ಸಂಪಾದಿಸಲು ಚಿಕ್ಕಮ್ಮ 100 ಜನಕ್ಕೆ ಕಲಿಸಬೇಕು. ನೂರೊಂದನೆಯವರು ಕೊಟ್ಟ 300 ರೂಪಾಯಿಯೇ ಅವರ ಮೊದಲ ಲಾಭ.

ನಾನೂ ಅಂಥ ಜಾಹೀರಾತುಗಳನ್ನು ಕೂತು ನೋಡಿದ್ದೇನೆ, ನಿವೃತ್ತನಿಗೆ ಬೇರೆ ಕೆಲಸವೇನು. ನಿದ್ದೆ ಮಾಡುವಾಗಲೂ ದುಡ್ಡು ಬರುತ್ತದೆ ಅನ್ನುತ್ತಾರೆ. ರಾತ್ರಿ ಹನ್ನೆರಡರೊಳಗೆ ಸೇರಿದರೆ ಅರ್ಧ ಬೆಲೆ ಅನ್ನುತ್ತಾರೆ. ಮಾರನೇ ದಿನ ಮತ್ತೆ ಹನ್ನೆರಡರೊಳಗೆ ಅದೇ ಅರ್ಧ ಬೆಲೆ. ಸಾಲ ಕೇಳಿ ಬಂದವರನ್ನು ಬ್ಯಾಂಕಿನಲ್ಲಿ ನಾವು ಹಿಂದಿನ ವರ್ಷಗಳ ವ್ಯವಹಾರ ತೋರಿಸಿ ಅನ್ನುತ್ತಿದ್ದೆವು. ಇವರನ್ನೂ ಹಾಗೇ ಕೇಳಬೇಕು: ಸ್ವಾಮಿ, 'ಪಾಠ ಮಾರುವುದು ಹೇಗೆ' ಅನ್ನುವ ಪಾಠ ಬಿಟ್ಟು ನೀವು ಬೇರೆ ಯಾವ ಪಾಠ ಮಾರಿದ್ದೀರಿ? ಹೊಲಿಗೆಯೋ, ಹೈನುಗಾರಿಕೆಯೋ, ಇಂಗ್ಲಿಷೋ? ನನ್ನ ಸಂಶಯಕ್ಕೆ ಉತ್ತರ ಹೇಳುವ ಮನುಷ್ಯ ಯಾರು, ಅವರ ಹತ್ತಿರ ಈಗಲೇ ಮಾತಾಡಬಹುದೇ? ನಡುವೆ ಬಿಟ್ಟರೆ ದುಡ್ಡು ವಾಪಸು ಅಂತ ಬರೆದು ಕೊಡುತ್ತೀರಾ? ನೇರ ಉತ್ತರ ಬಾರದಿದ್ದರೆ ಅಟ್ಟದ ಏಣಿಗೆ ಕೈ ಹಚ್ಚಬೇಡಿ.

ಹಾಗಾದರೆ ಚಿಕ್ಕಮ್ಮ ಶುರು ಮಾಡುವುದು ಹೇಗೆ? ಊರಿನಲ್ಲೇ ಇಬ್ಬರು ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು, ದುಡ್ಡು ತೆಗೆದುಕೊಳ್ಳದೆ ಕಲಿಸಲಿ. ಅವರು ಎಲ್ಲೆಲ್ಲಿ ಎಡವುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕೈ ಪಳಗಿದವರಿಗೆ ಹೊಸಬರ ಕಷ್ಟ ಮರೆತು ಹೋಗಿರುತ್ತದೆ. ಎಳೆ ಬಿಡಿಸುವುದು ಅವರಿಗೆ ಉಸಿರಾಡಿದಷ್ಟು ಸುಲಭ, ಹೊಸಬಳಿಗೆ ಅಲ್ಲೇ ಅರ್ಧ ದಿನ. ಆ ನೋಟ್‌ಬುಕ್ಕಿನ ಒಂದೊಂದು ಎಡವಟ್ಟಿಗೂ ಒಂದೊಂದು ಸಣ್ಣ ವಿಡಿಯೋ ಮಾಡಲಿ, ಐದು ಆರು ನಿಮಿಷ ಸಾಕು. ಬೆಳಗಿನ ಬೆಳಕು ಬೀಳುವ ಪಡಸಾಲೆ ಇದ್ದರೆ ಬೇರೆ ದೀಪ ಬೇಡ. ಫೋನು ಅಲ್ಲಾಡದ ಹಾಗೆ ಒಂದು ಸ್ಟ್ಯಾಂಡು, ಮುಖಕ್ಕಿಂತ ಬೆರಳು ಚೆನ್ನಾಗಿ ಕಾಣಬೇಕು. ತಿಳಿ ಬಣ್ಣದ ಬಟ್ಟೆಯ ಮೇಲೆ ಗಾಢ ಬಣ್ಣದ ನೂಲು ಇಟ್ಟರೆ ಗಂಟು ಎದ್ದು ಕಾಣುತ್ತದೆ. ಸಿನಿಮಾ ಹಾಡು ಹಿಂದೆ ಹಾಕಬೇಡಿ, ಅದು ಇನ್ನೊಬ್ಬರ ಸ್ವತ್ತು. ಕಾಗದ ಬರೆದ ಹುಡುಗ ಕ್ಯಾಮೆರಾ ಹಿಡಿಯಬಹುದು, ಭಾನುವಾರ ಮಾತ್ರ.

ಮಾತು ನಮ್ಮ ಕಡೆಯ ಕನ್ನಡದಲ್ಲೇ ಇರಲಿ. ಪುಸ್ತಕದ ಭಾಷೆ ಬೇಡ. ಹುಬ್ಬಳ್ಳಿಯವಳಿಗೂ ಮಂಗಳೂರಿನವಳಿಗೂ ಅರ್ಥವಾಗುತ್ತದೆ, ಆಗದಿದ್ದರೆ ಕೇಳುತ್ತಾಳೆ, ಕೇಳಲಿಕ್ಕೇ ತಾನೇ ದುಡ್ಡು ಕೊಟ್ಟಿರುವುದು.

ದುಡ್ಡಿನ ವಿಷಯ ನನ್ನ ಕಸುಬು, ಬೇಗ ಹೇಳಿ ಮುಗಿಸುತ್ತೇನೆ. ಮನೆಯ ಖಾತೆ ಬೇರೆ, ಪಾಠದ ಖಾತೆ ಬೇರೆ ಇರಲಿ. ನೂಲು, ಮಣಿ, ಇಂಟರ್ನೆಟ್ಟಿನ ಖರ್ಚು ಎಡಗಡೆ, ಬಂದದ್ದು ಬಲಗಡೆ, ದಿನಾ ರಾತ್ರಿ ಬರೆಯಬೇಕು. ಕಲಿಯುವವರಿಂದ ಯುಪಿಐಯಲ್ಲಿ ದುಡ್ಡು ತರಿಸಿಕೊಳ್ಳುವಾಗ ಒಂದನ್ನು ಮನೆಯವರೆಲ್ಲ ತಿಳಿದಿರಬೇಕು. ದುಡ್ಡು ಕೊಡುವುದಕ್ಕೆ ಪಿನ್ ಒತ್ತಬೇಕು, ಪಡೆಯುವುದಕ್ಕೆ ಒತ್ತುವ ಹಾಗೇ ಇಲ್ಲ. "ನಿಮ್ಮ ಫೀಸು ಕಳಿಸಿದ್ದೇನೆ, ಪಿನ್ ಹಾಕಿ ಪಡೆದುಕೊಳ್ಳಿ" ಅಂದವನು ಕಳ್ಳ. ಅಂಥ ಮೋಸವಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಜಿಎಸ್‌ಟಿಯ ಚಿಂತೆ ಈಗಲೇ ಬೇಡ, ಸೇವೆ ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವ್ಯವಹಾರ 20 ಲಕ್ಷ ದಾಟಿದ ಮೇಲೆ ನೋಂದಣಿಯ ಮಾತು. ಆ ದಿನ ಬಂದರೆ ಚಿಕ್ಕಮ್ಮ ನನಗೂ ಒಂದು ಡಬ್ಬ ಕೊಬ್ಬರಿ ಮಿಠಾಯಿ ಕಳಿಸಲಿ.

ತಾತನಿಗೆ ಒಂದು ಮಾತು. ಯಜಮಾನರೇ, ಸೊಸೆಯ ಕೈಕೆಲಸದ ಮೇಲೆ ನಂಬಿಕೆಯಿಟ್ಟು ಅಟ್ಟದ ಕಾಯನ್ನೇ ಕೊಡಲು ಹೊರಟಿರಿ, ಅದು ದೊಡ್ಡ ಮನಸ್ಸು. ಆದರೆ ಅವರಿಗೆ ಈಗ ಬೇಕಾದದ್ದು ವಾರಕ್ಕೆ 5 ಗಂಟೆ. ಆ ಹೊತ್ತಿನಲ್ಲಿ ಕಾಫಿ ಬೇಕು, ನೀರು ಬೇಕು ಅಂತ ಯಾರೂ ಕೂಗದಿದ್ದರೆ 30,000ಕ್ಕಿಂತ ಹೆಚ್ಚು ಕೊಟ್ಟ ಹಾಗೆ. ಅಜ್ಜಿಯವರೇ, ಮೂರು ದಿನದ ಮೌನ ಸಾಕು, ಲೆಕ್ಕದಲ್ಲಿ ನೀವೇ ಗೆದ್ದಿರಿ. ಮಧ್ಯಾಹ್ನದ ಒಂದು ಗಂಟೆ ಮೊಮ್ಮಕ್ಕಳನ್ನು ನೀವು ನೋಡಿಕೊಳ್ಳಿ.

ಮೊದಲ ತಂಡಕ್ಕೆ ನಮ್ಮ ಮನೆಯಿಂದಲೂ ಒಂದು ಹೆಸರು ಬರೆದುಕೊಳ್ಳಲು ಹೇಳು ಮಗು. ನನ್ನ ಸೊಸೆಗೆ ಕುಚ್ಚು ಕಲಿಯುವ ಆಸೆ ಇದೆ. 300 ರೂಪಾಯಿ ಕಳಿಸುತ್ತೇನೆ. ರಸೀದಿ ಬೇಕು.