ಲಕೋಟೆ ಒಡೆಯುವಾಗ

ಕಳೆದ ವಾರ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಫೋನ್ ಕದ್ದಾಲಿಕೆಯ ಮಾತು ಬಂದಾಗ, "ನಾವೇನು ಕಳ್ಳಸಾಗಣೆ ಮಾಡುತ್ತೇವೆಯೇ ಸಾರ್? ದೇಶದ ಭದ್ರತೆಗಾಗಿ ಸರ್ಕಾರ ನೋಡಿದರೆ ನೋಡಲಿ ಬಿಡಿ" ಎಂದ. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭದ್ರತೆಯ ಬಗೆಗೆ ನನಗೆ ಉಪೇಕ್ಷೆಯಿಲ್ಲ. 2020ರ ಜೂನ್‌ನಲ್ಲಿ, ಗಲ್ವಾನ್ ಘರ್ಷಣೆಯ ಬೆನ್ನಲ್ಲೇ, ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ (ಮೊಮ್ಮಗಳು ಎರಡು ದಿನ ಮುನಿಸಿಕೊಂಡಿದ್ದಳು) ಸರಿಯೆಂದೇ ಭಾವಿಸಿದೆ. ನಮ್ಮ ಜನರ ವಿವರಗಳು ಪರದೇಶದ ಕೈ ಸೇರುವುದೂ ಗಡಿಯ ಪ್ರಶ್ನೆಯೇ. ಆದರೆ ನಮ್ಮವರೇ ಅವನ್ನು ತೆರೆದು ನೋಡುವಾಗ ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲುವವರಾರು?

1885ರ ತಂತಿ ಕಾಯಿದೆ ಬ್ರಿಟಿಷರದು. ಅದರ ಸ್ಥಾನಕ್ಕೆ ಬಂದ 2023ರ ದೂರಸಂಪರ್ಕ ಕಾಯಿದೆ ನಮ್ಮದೇ. ಆದರೂ ಕದ್ದಾಲಿಕೆಗೆ ಆಜ್ಞೆ ನೀಡುವವರು ಗೃಹ ಕಾರ್ಯದರ್ಶಿಗಳು, ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ನ್ಯಾಯಾಧೀಶರ ಅನುಮತಿ ಬೇಕಿಲ್ಲ. ಇನ್ನು ಅದೇ ವರ್ಷದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 17ನೆಯ ಕಲಮನ್ನು ಓದಿ ನೋಡಿ: ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಕೇಂದ್ರವು ತನ್ನ ಯಾವುದೇ ಅಂಗಸಂಸ್ಥೆಯನ್ನು ಆ ಕಾಯಿದೆಯಿಂದಲೇ ಹೊರಗಿಡಬಹುದು.

ಪಬ್ಲಿಕ್ ಪರೀಕ್ಷೆಯ ದಿನಗಳು ನಿಮಗೆ ನೆನಪಿರಬಹುದು. ಮೊಹರಾದ ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಕೊಠಡಿಯಲ್ಲಿ ಎಲ್ಲರಿಗೂ ಎತ್ತಿ ತೋರಿಸಿ, ಇಬ್ಬರು ವಿದ್ಯಾರ್ಥಿಗಳ ಸಹಿ ಪಡೆದ ಮೇಲೆಯೇ ಒಡೆಯುತ್ತಿದ್ದೆ. ಮೇಷ್ಟರು ಕಳ್ಳರೆಂದು ಯಾರೂ ಬಗೆದಿರಲಿಲ್ಲ. ಹದಿನೈದರ ಹುಡುಗರ ಆ ಸಹಿ ನನಗೆ ಅವಮಾನವೆಂದೂ ಎನಿಸಲಿಲ್ಲ. ಮುಂದೆ ಯಾರಾದರೂ ಬೆರಳು ತೋರಿದರೆ ನನ್ನನ್ನು ಕಾಯುತ್ತಿದ್ದುದೇ ಅದು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರಿಗೆ 86 ವರ್ಷ. ನನ್ನಂಥ ನಿವೃತ್ತರು ಪಿಂಚಣಿಯ ವಿಚಾರದಾಚೆಗೆ ಯೋಚಿಸದ ವಯಸ್ಸು! 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ದೇಶದ ಭದ್ರತೆಗಾಗಿ ಅದಕ್ಕೆ ಮಿತಿ ಹಾಕಬಹುದೆಂಬುದೂ ಅಲ್ಲಿದೆ. ಆದರೆ ಆ ಮಿತಿ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅವರು 2024ರಲ್ಲಿ ತೀರಿಕೊಂಡರು.

ತುರ್ತಿದ್ದರೆ ಅಧಿಕಾರಿಗಳು ಮೊದಲು ಆಲಿಸಲಿ. ಒಂದು ವಾರದೊಳಗೆ ನ್ಯಾಯಾಧೀಶರೊಬ್ಬರು ಕಡತ ನೋಡಿ ಸಹಿ ಹಾಕಲಿ. ನಾನು ಕೇಳುವುದು ಇಷ್ಟೇ. ಶಿಷ್ಯ ಮತ್ತೆ ಬಂದಾಗ ಹೇಳಬೇಕೆಂದಿದ್ದೇನೆ. ಅವನೂ ಒಂದು ವರ್ಷ ನನ್ನ ಲಕೋಟೆಗೆ ಸಹಿ ಹಾಕಿದವನೇ.