ಕನ್ನಡಿಯ ಮೇಲಿನ ಗೀಟು

‘ಹವ್ಯಾಸ’ ಎಂಬ ಶಬ್ದವನ್ನು ನಾವು ಇಂದು ಬಹು ಸೌಮ್ಯವಾದ ಅರ್ಥದಲ್ಲಿ ಬಳಸುತ್ತೇವೆ. ಅಂಚೆಚೀಟಿ ಕೂಡಿಹಾಕುವುದು, ಹೂದೋಟ ಬೆಳೆಸುವುದು, ಹಳೆಯ ನಾಣ್ಯ ಹುಡುಕುವುದು ಇವೆಲ್ಲ ಹವ್ಯಾಸಗಳು. ಆದರೆ ನೆರೆಯ ಮರಾಠಿಯಲ್ಲಿ ಇದೇ ಶಬ್ದಕ್ಕೆ ಮಿತಿಮೀರಿದ ಲಾಲಸೆ ಎಂಬ ಅರ್ಥವಿದೆ. ಸಂಸ್ಕೃತದ ‘ವ್ಯಸನ’ವಂತೂ ಇನ್ನೂ ವಿಚಿತ್ರವಾದುದು. ವಿಪತ್ತು, ದುಶ್ಚಟ ಎಂಬ ಅರ್ಥಗಳ ಮಗ್ಗುಲಲ್ಲಿಯೇ, ಒಂದು ವಿಷಯದಲ್ಲಿ ತನ್ಮಯನಾಗುವುದು ಎಂಬ ಅರ್ಥವನ್ನೂ ಅದು ಹೊತ್ತು ಕುಳಿತಿದೆ. ಮಠದ ಪಾಠಶಾಲೆಯಲ್ಲಿ ಗುರುಗಳು ಯಾರನ್ನಾದರೂ ‘ವಿದ್ಯಾವ್ಯಸನಿ’ ಎಂದರೆ ಆ ಹುಡುಗ ವಾರವಿಡೀ ಹಿಗ್ಗುತ್ತಿದ್ದ. ಬರಿಯ ‘ವ್ಯಸನಿ’ ಎಂದರೆ ಅವನಿಗೆ ಬೆತ್ತದ ಏಟು ಕಾದಿದೆಯೆಂದೇ ತಿಳಿಯಬೇಕಾಗಿತ್ತು. ಹವ್ಯಾಸ ಎಲ್ಲಿ ಮುಗಿದು ವ್ಯಸನ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ನಿಘಂಟು ಹೇಳಲಾರದು. ಮನೆಯವರು ಮಾತ್ರ ಹೇಳಬಲ್ಲರು.

ಈ ಮಾತು ನನಗೆ ಮನವರಿಕೆಯಾದುದು ಬೆಂಗಳೂರಿನ ಮಗಳ ಮನೆಯಲ್ಲಿ. ದೀಪಾವಳಿ ಮುಗಿಸಿಕೊಂಡು ಹೋದ ನಾವಿಬ್ಬರೂ ಮಾಘಮಾಸದವರೆಗೆ ಅಲ್ಲಿಯೇ ಇದ್ದೆವು. ಅಳಿಯಂದಿರು ಗಣಕಯಂತ್ರದ ಉದ್ಯೋಗದಲ್ಲಿರುವವರು, ವಯಸ್ಸು ಮೂವತ್ತನಾಲ್ಕು. ಆರು ವರ್ಷದ ಮಗಳು, ಎರಡು ವರ್ಷದ ಮಗ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಸ್ವಭಾವ ತಂದೆಗೂ ಉಂಟು, ಆ ಎರಡು ವರ್ಷದವನಿಗೂ ಉಂಟು. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಶಕ್ತಿ ಇಬ್ಬರಲ್ಲಿ ಯಾರಿಗೆ ಹೆಚ್ಚು ಎಂಬ ವಿಷಯದಲ್ಲಿ ನನ್ನ ಮಗಳಿಗೆ ಇನ್ನೂ ಸಂಶಯವಿದೆ.

ನಾವು ಹೋದ ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಮಹಡಿಯ ಮೇಲಿಂದ ಇಳಿದು ಬಂದು, “ಅಳಿಯಂದಿರು ನೀರಿನ ಡ್ರಮ್ಮಿಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ, ಸ್ವಲ್ಪ ನೋಡಿ” ಎಂದು ಗಾಬರಿಯಿಂದ ಹೇಳಿದರು. ಹೋಗಿ ನೋಡಿದರೆ ನಿಜ. ನೀರು ತುಂಬಿದ ಡ್ರಮ್ಮಿನ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ದುಂಡನೆಯ ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು. ಮೇಲಿನ ಬಿಲ್ಲೆಯನ್ನು ಎರಡೂ ಕೈಗಳಿಂದ ಹಿಡಿದು ಹಿಂದೆ ಮುಂದೆ ತಿಕ್ಕುತ್ತ, ಹೆಜ್ಜೆ ಹೆಜ್ಜೆಯಾಗಿ ಡ್ರಮ್ಮನ್ನು ಸುತ್ತುತ್ತಿದ್ದರು.

“ದೂರದರ್ಶಕದ ಕನ್ನಡಿ ಮಾಡುತ್ತಿದ್ದೇನೆ, ಮಾವನವರೇ. ಎರಡು ಗಾಜುಗಳ ನಡುವೆ ಒರಟು ಪುಡಿ ಹಾಕಿ ತಿಕ್ಕಿದರೆ ಮೇಲಿನದು ತಾನಾಗಿಯೇ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಾವು ಗಂಡ ಹೆಂಡತಿ ಎಂಟು ವರ್ಷಗಳಿಂದ ಮಾಡುತ್ತಿರುವುದೂ ಇದನ್ನೇ. ತಗ್ಗಿದವರು ಯಾರೆಂದು ನಾನು ಹೇಳಬೇಕಾಗಿಲ್ಲ!”

ಕೆಲಸದ ಕ್ರಮವನ್ನು ಅವರು ವಿವರಿಸಿದಾಗ ನನ್ನ ಕುತೂಹಲ ಹೆಚ್ಚಿತು. ಗಾಜು 6 ಅಂಗುಲ ಅಗಲ, 1 ಅಂಗುಲ ದಪ್ಪ. ಬೆಳಕು 48 ಅಂಗುಲ ದೂರದಲ್ಲಿ ಒಂದೆಡೆ ಕೂಡುವಂತೆ ಅದನ್ನು ಕಡೆಯಬೇಕು. ಅದಕ್ಕೆ ನಡುವಿನಲ್ಲಿ ಬೇಕಾದ ಆಳ ಸುಮಾರು 1.2 ಮಿಲಿಮೀಟರ್ ಮಾತ್ರ. ಮೊದಲು 80ರ ಸಂಖ್ಯೆಯ ಒರಟು ಪುಡಿ. ಆಮೇಲೆ 120, 220, 400, 600 ಎಂದು ಕ್ರಮವಾಗಿ ನಯವಾದ ಪುಡಿಗಳು. ಕೊನೆಗೆ ‘ಪಿಚ್’ ಎಂಬ ಕಪ್ಪು ರಾಳವನ್ನು ಕರಗಿಸಿ, ಬಿಲ್ಲೆಯ ಮೇಲೆ ಹೊಯ್ದು, ಸೀರಿಯಮ್ ಆಕ್ಸೈಡ್ ಎಂಬ ನುಣುಪಾದ ಹುಡಿಯಿಂದ ಮೆರುಗು ಕೊಡಬೇಕು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಗಾಜು, ಹಲಗೆ, ಬಟ್ಟೆ, ಉಗುರಿನ ಸಂದು ಎಲ್ಲವನ್ನೂ ತೊಳೆಯಬೇಕು. ಹಿಂದಿನ ಹಂತದ ಒಂದೇ ಒಂದು ಕಣ ಉಳಿದರೂ ಗೀಟು ಬೀಳುತ್ತದೆ. ನಮ್ಮ ಅಡುಗೆಮನೆಯ ಮಡಿ ಇದರ ಮುಂದೆ ಏನೂ ಅಲ್ಲವೆಂದು ನಮ್ಮ ಮನೆಯವರೇ ಒಪ್ಪಿಕೊಂಡರು. ಆದರೆ ಆ ರಾಳವನ್ನು ಕರಗಿಸಿದ್ದು ಹಾಲು ಕಾಯಿಸುವ ಪಾತ್ರೆಯಲ್ಲಿ ಎಂದು ತಿಳಿದ ಮೇಲೆ ಅವರ ಮೆಚ್ಚುಗೆ ಅಲ್ಲಿಗೇ ನಿಂತಿತು.

ಪರೀಕ್ಷೆಯ ರಾತ್ರಿಗಳು ಇನ್ನೂ ರಸವತ್ತಾದವು. ಫ್ರಾನ್ಸ್ ದೇಶದ ಲಿಯೋನ್ ಫೂಕೋ ಎಂಬ ವಿಜ್ಞಾನಿ 1858ರ ಸುಮಾರಿಗೆ ಕಂಡುಹಿಡಿದ ಉಪಾಯವಿದು. ಕತ್ತಲೆಯ ಕೋಣೆಯಲ್ಲಿ ಕನ್ನಡಿಯನ್ನು ನಿಲ್ಲಿಸಿ, ಎಂಟು ಅಡಿ ದೂರದಿಂದ ಅದರ ಮೇಲೆ ಒಂದು ಸೂಕ್ಷ್ಮವಾದ ಬೆಳಕನ್ನು ಬಿಟ್ಟು, ಮರಳಿ ಬರುವ ಕಿರಣಗಳನ್ನು ಬ್ಲೇಡಿನ ಅಂಚಿನಿಂದ ತಡೆದರೆ, ಮೇಲ್ಮೈಯ ಏರುತಗ್ಗುಗಳೆಲ್ಲ ನೆರಳಾಗಿ ಕಾಣುತ್ತವೆ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ದೋಷವೂ ಅಲ್ಲಿ ಬೆಟ್ಟದಂತೆ ಎದ್ದು ತೋರುತ್ತದೆ. ಮನೆಯಲ್ಲಿ ಯಾರಾದರೂ ನಡೆದರೆ ನೆರಳು ನಡುಗುತ್ತದೆ. ಮೈಯ ಬಿಸಿಗೆ ಗಾಳಿ ಕದಡಿದರೂ ಚಿತ್ರ ಕೆಡುತ್ತದೆ. ಆದುದರಿಂದ ರಾತ್ರಿ ಹನ್ನೊಂದಕ್ಕೆ “ಯಾರೂ ಅಲುಗಾಡಬೇಡಿ” ಎಂಬ ಆಜ್ಞೆ ಹೊರಡುತ್ತಿತ್ತು. ನಾವೆಲ್ಲ ಕುಳಿತಲ್ಲಿಯೇ ಶಿಲಾಪ್ರತಿಮೆಗಳಾಗುತ್ತಿದ್ದೆವು. ಸರಿಯಾಗಿ ಆಗಲೇ ಎರಡು ವರ್ಷದವನು ಎಚ್ಚರಗೊಂಡು ರಾಗ ತೆಗೆಯುತ್ತಿದ್ದ.

ಒಂದು ದಿನ ಊಟದ ಸಮಯದಲ್ಲಿ ಅಳಿಯಂದಿರು ತಮ್ಮ ಪಕ್ಷಕ್ಕೆ ಇತಿಹಾಸದ ಸಾಕ್ಷಿಯನ್ನು ತಂದರು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿದ್ದ ವಿಲಿಯಂ ಹರ್ಷೆಲ್ ಹೊಟ್ಟೆಪಾಡಿಗೆ ಸಂಗೀತಗಾರ. ಹವ್ಯಾಸಕ್ಕೆ ಕನ್ನಡಿ ತಿಕ್ಕುವವನು. ಒಮ್ಮೆ ಒಂದು ಲೋಹದ ಕನ್ನಡಿಗೆ ಮೆರುಗು ಕೊಡುತ್ತ ಹದಿನಾರು ಗಂಟೆಗಳ ಕಾಲ ಕೈ ತೆಗೆಯಲಿಲ್ಲವಂತೆ. ತಂಗಿ ಕ್ಯಾರೊಲಿನ್ ತುತ್ತು ತುತ್ತಾಗಿ ಅವನ ಬಾಯಿಗೆ ಅನ್ನ ಹಾಕಿದಳು. ಆ ಹುಚ್ಚಿನಿಂದಲೇ 1781ರ ಮಾರ್ಚ್ 13ರಂದು ಮನೆಯ ಹಿತ್ತಲಿನಿಂದ ಯುರೇನಸ್ ಗ್ರಹ ಕಂಡಿತು. ಅದೇ ವರ್ಷ ಮನೆಯೊಳಗೆ ದೊಡ್ಡ ಕನ್ನಡಿಯನ್ನು ಎರಕ ಹೊಯ್ಯಲು ಹೋಗಿ, ಕರಗಿದ ಲೋಹ ಸೋರಿ, ನೆಲದ ಕಲ್ಲುಗಳು ಸಿಡಿದು, ಎಲ್ಲರೂ ಹೊರಗೆ ಓಡಿದ್ದೂ ಉಂಟು. “ಅದಕ್ಕೆ ಹೋಲಿಸಿದರೆ ಒಂದು ಹಾಲಿನ ಪಾತ್ರೆ ಎಷ್ಟರದು?” ಎಂದು ಅಳಿಯಂದಿರು ನಕ್ಕರು.

ನನ್ನ ಮಗಳು ನಗಲಿಲ್ಲ. “ಆ ತಂಗಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಅಣ್ಣ ಅವಳ ಕೈಗೂ ಒಂದು ದೂರದರ್ಶಕ ಕೊಟ್ಟ. 1786ರಲ್ಲಿ ಅವಳೇ ಒಂದು ಧೂಮಕೇತುವನ್ನು ಕಂಡುಹಿಡಿದಳು; ಒಟ್ಟು ಎಂಟು ಅವಳ ಲೆಕ್ಕಕ್ಕೆ ಸೇರಿವೆ. ನಮ್ಮ ಮನೆಯಲ್ಲಿ ಅನ್ನ ಹಾಕುವುದು ಮಾತ್ರ ನಮ್ಮ ಪಾಲಿಗೆ ಬಂದಿದೆ. ತಿಂಗಳಿಗೆ ನಾಲ್ಕು ಭಾನುವಾರ. ನಾಲ್ಕೂ ಆ ಡ್ರಮ್ಮಿಗೆ. ಮಕ್ಕಳು ಮಹಡಿಗೆ ಹೋಗುವಂತಿಲ್ಲ, ಪುಡಿ ಬೆರೆಯುತ್ತದೆಯಂತೆ.”

ಅಳಿಯಂದಿರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಅವರದು ದುಷ್ಟತನವಲ್ಲ. ದಿನವಿಡೀ ಪರದೆಯ ಮೇಲೆ ಕಣ್ಣಿಟ್ಟು, ಇನ್ನೊಬ್ಬರ ಅವಸರಕ್ಕೆ ದುಡಿಯುವ ಯುವಕನಿಗೆ ತನ್ನ ಕೈಯಿಂದಲೇ ಒಂದು ವಸ್ತು ಆಗಬೇಕೆಂಬ ಹಂಬಲ ಸಹಜವಾದುದು. ಆದರೆ ಮಗಳ ಮಾತೂ ಸುಳ್ಳಾಗಿರಲಿಲ್ಲ.

ಅದಾದ ವಾರದೊಳಗೆ ನಡೆಯಬಾರದ್ದು ನಡೆಯಿತು. ಕನ್ನಡಿ ಮೆರುಗಿನ ಕೊನೆಯ ಹಂತದಲ್ಲಿತ್ತು. ದೂರವಾಣಿಯ ಕರೆಗೆಂದು ಅಳಿಯಂದಿರು ಕೆಳಗೆ ಇಳಿದಾಗ ಮೊಮ್ಮಗಳು ಮೆಲ್ಲನೆ ಮಹಡಿಗೆ ಹೋದಳು. ಮೂಲೆಯಲ್ಲಿದ್ದ 80ರ ಪುಡಿಯ ಡಬ್ಬಿಯಲ್ಲಿ ಕೈಯಾಡಿಸಿ, ಆ ಕಪ್ಪು ರಾಳದ ಬಿಲ್ಲೆಯನ್ನು ಅಜ್ಜಿ ರೊಟ್ಟಿ ಬಡಿಯುವಂತೆ ಎರಡು ಸಲ ಬಡಿದು ಬಂದಳು. ಅಪ್ಪನ ಕೆಲಸದಲ್ಲಿ ತನ್ನದೂ ಒಂದು ಕೈ ಇರಲೆಂದು! ತಂದೆ ಮರಳಿ ಬಂದು ಕನ್ನಡಿಯನ್ನು ಬಿಲ್ಲೆಯ ಮೇಲಿಟ್ಟು ಒಮ್ಮೆ ನೂಕಿದಾಗ ‘ಕರ್ರ್’ ಎಂಬ ಸದ್ದು ನನಗೂ ಕೇಳಿಸಿತು. ನಡುವಿನಿಂದ ಅಂಚಿನವರೆಗೆ ಒಂದು ಗೀಟು. ಅದರ ಮಗ್ಗುಲಲ್ಲಿ ಸಣ್ಣವು ಎರಡು.

“ನಿನ್ನನ್ನು ಇಲ್ಲಿಗೆ ಬಾ ಎಂದವರು ಯಾರು?” ಎಂದು ಅವರು ಕೂಗಿದ ದನಿ ನೆರೆಮನೆಯವರಿಗೂ ಮುಟ್ಟಿರಬೇಕು. ಕೈ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಮಗು ಅಳಲಿಲ್ಲ. ಎರಡೂ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹೋಯಿತು. ಅಂದಿನಿಂದ ತಂದೆ ಕರೆದರೆ “ಹೂಂ” ಎನ್ನುವುದು, ದೂರದಲ್ಲಿ ನಿಲ್ಲುವುದು. ಎಂಟು ದಿನ ಹೀಗೇ ಕಳೆಯಿತು. ನನ್ನ ಮಗಳು ಗಂಡನಿಗೆ ಒಂದೇ ಮಾತು ಹೇಳಿದಳು: “ಅವಳು ಬಂದದ್ದು ನಿಮ್ಮ ಹತ್ತಿರ, ಕನ್ನಡಿಯ ಹತ್ತಿರ ಅಲ್ಲ.”

ಒಂಬತ್ತನೆಯ ರಾತ್ರಿ ಅಳಿಯಂದಿರು ನಿದ್ದೆಯಿಲ್ಲದೆ ನನ್ನ ಬಳಿ ಬಂದು ಕುಳಿತರು. ನಾನು ತಿಳಿದುಕೊಳ್ಳಲೆಂದೇ ಕೇಳಿದೆ: “ಆ ಗೀಟಿನಿಂದ ಕನ್ನಡಿ ಕೆಟ್ಟಿತೆ? ಮತ್ತೆ ಮೊದಲಿನಿಂದ ತಿಕ್ಕಬೇಕೆ?” ಅವರು ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ, ಮಾವನವರೇ” ಎಂದರು. “ದೂರದರ್ಶಕಕ್ಕೆ ಮುಖ್ಯವಾದುದು ಇಡೀ ಮೇಲ್ಮೈಯ ಬಾಗು. ಗೀಟು ಕಣ್ಣಿಗೆ ಕಾಣುತ್ತದೆ, ಅಷ್ಟೇ. ಸ್ವಲ್ಪ ಬೆಳಕು ಚದರುತ್ತದೆ. ಚಿತ್ರದಲ್ಲಿ ಅದರ ಪರಿಣಾಮ ಗೊತ್ತಾಗುವುದೇ ಇಲ್ಲ. ಇದು ಅಂದೂ ನನಗೆ ತಿಳಿದಿತ್ತು. ಕೂಗುವಾಗಲೂ ತಿಳಿದಿತ್ತು.”

ನಾನು ಉತ್ತರ ಕೊಡಲಿಲ್ಲ. ಆಮೇಲೆ ಅವರೇ ಒಬ್ಬ ಸಂನ್ಯಾಸಿಯ ಕಥೆ ಹೇಳಿದರು. ಮಠದ ಅನ್ನ ಉಂಡ ನನಗೆ ಅದು ವಿಶೇಷವಾಗಿ ನಾಟಿತು. ಜಾನ್ ಡಾಬ್ಸನ್ ಎಂಬಾತ 1915ರಲ್ಲಿ ಚೀನಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮವನ್ನು ಸೇರಿದ. ಹಡಗಿನ ಕಿಟಕಿಯ ಹಳೆಯ ಗಾಜುಗಳನ್ನು ತಿಕ್ಕಿ ಕನ್ನಡಿ ಮಾಡಿದ. ರಟ್ಟಿನ ಕೊಳವೆ, ಹಲಗೆಯ ಪೆಟ್ಟಿಗೆಗಳಿಂದ ದೂರದರ್ಶಕ ಕಟ್ಟಿದ. ಅದನ್ನು ಬೀದಿಗೆ ಉರುಳಿಸಿಕೊಂಡು ಹೋಗಿ ನೆರೆಹೊರೆಯ ಮಕ್ಕಳಿಗೆ ಚಂದ್ರನನ್ನು ತೋರಿಸಿದ. ಆಶ್ರಮದ ನಿಯಮಕ್ಕೂ ಈ ತಿರುಗಾಟಕ್ಕೂ ಹೊಂದಿಕೆಯಾಗದೆ 1967ರಲ್ಲಿ ಅವನು ಹೊರಗೆ ಹೋಗಬೇಕಾಯಿತು. ಮರುವರ್ಷವೇ ಕಾಲುದಾರಿಯ ಖಗೋಳವೀಕ್ಷಕರ ಸಂಘವನ್ನು ಕಟ್ಟಿ, ಹಾದುಹೋಗುವವರನ್ನೆಲ್ಲ ಕರೆದು ಆಕಾಶ ತೋರಿಸುತ್ತ, 2014ರಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ. ಇಂದು ಜಗತ್ತಿನಾದ್ಯಂತ ಹವ್ಯಾಸಿಗಳು ಬಳಸುವ ಸರಳ ವಿನ್ಯಾಸಕ್ಕೆ ಅವನ ಹೆಸರೇ ನಿಂತಿದೆ.

“ನಾನು ಕಟ್ಟುತ್ತಿರುವುದೂ ಅವನ ಮಾದರಿಯನ್ನೇ. ಅವನು ಊರಿನ ಮಕ್ಕಳನ್ನು ಕರೆದ; ನಾನು ಮನೆಯ ಮಗುವನ್ನು ಓಡಿಸಿದೆ” ಎಂದು ಹೇಳಿ ಅಳಿಯಂದಿರು ಎದ್ದು ಹೋದರು.

ಮರುದಿನ ರಾತ್ರಿ ಪರೀಕ್ಷೆಯ ಕೋಣೆಗೆ ಮೊಮ್ಮಗಳನ್ನು ಕೈಹಿಡಿದು ಕರೆದೊಯ್ದರು. “ಇದರ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿ, ಹತ್ತು ಎಣಿಸು” ಎಂದರು. ಮಗು ನಂಬಲಿಲ್ಲ; ತಾಯಿಯ ಮುಖ ನೋಡಿತು. ಆಮೇಲೆ ಅಂಜುತ್ತ ಒತ್ತಿತು. ಬ್ಲೇಡಿನ ಅಂಚಿನ ಬಳಿ ಕಣ್ಣಿಟ್ಟು ನೋಡಿದರೆ ಕನ್ನಡಿಯ ಮೇಲೆ ಒಂದು ಗುಡ್ಡ ಎದ್ದಿದೆ! ಪುಟ್ಟ ಬೆರಳಿನ ಬಿಸಿಗೇ ಗಾಜು ಹಿಗ್ಗಿ ಉಬ್ಬಿತ್ತು. ಅದು ನಿಧಾನವಾಗಿ ಇಳಿದು ಸಮವಾಗುವವರೆಗೆ ತಂದೆ ಮಗಳಿಬ್ಬರೂ ಸರದಿಯಂತೆ ನೋಡುತ್ತಲೇ ಇದ್ದರು. “ಇನ್ನೊಮ್ಮೆ ಒತ್ತಲೇ ಅಪ್ಪ?” ಎಂಬ ದನಿ ಕೇಳಿದ ಮೇಲೆ ನಾನು ನನ್ನ ಹಾಸಿಗೆಗೆ ಹೋದೆ.

ಗೀಟನ್ನು ತೆಗೆಯಲಿಲ್ಲ. ಹಾಗೆಯೇ ಅಲ್ಯೂಮಿನಿಯಮ್ ಲೇಪ ಹಾಕಿಸಿ ತಂದರು. ಮಾಘಮಾಸದ ಒಂದು ಸಂಜೆ ಮಹಡಿಯ ಮೇಲೆ ದೂರದರ್ಶಕ ನಿಂತಿತು. ನೆರೆಹೊರೆಯವರೆಲ್ಲ ಸಾಲಾಗಿ ಬಂದರು. ಅವರನ್ನು ಕರೆದು ತಂದವಳು ಮೊಮ್ಮಗಳೇ. ಬೆಂಗಳೂರಿನ ದೀಪಗಳ ನಡುವೆಯೂ ಗುರುಗ್ರಹ ಪುಟ್ಟ ಬಿಲ್ಲೆಯಂತೆ ಹೊಳೆಯುತ್ತಿತ್ತು. ಗೆಲಿಲಿಯೋ 1610ರಲ್ಲಿ ಕಂಡ ಆ ಉಪಗ್ರಹಗಳು ಅದರ ಇಕ್ಕೆಲದಲ್ಲಿ ಚುಕ್ಕಿಗಳಾಗಿ ನಿಂತಿದ್ದವು. ಕೊಳವೆಯಲ್ಲಿ ಬಹಳ ಹೊತ್ತು ಕಣ್ಣಿಟ್ಟು ನೋಡಿದ ಮಗು ಕೇಳಿತು: “ಅಪ್ಪ, ನನ್ನ ಗೀಟು ಎಲ್ಲಿದೆ? ಕಾಣುವುದೇ ಇಲ್ಲವಲ್ಲ.”

“ಕನ್ನಡಿಯಲ್ಲೇ ಇದೆ, ಮಗಳೇ. ಗುರುಗ್ರಹಕ್ಕೆ ಮಾತ್ರ ಗೊತ್ತಿಲ್ಲ.”

ತರುಣ ತಂದೆಯರೇ, ನಿಮ್ಮ ಹವ್ಯಾಸಗಳನ್ನು ಬಿಡಿರೆಂದು ನಾನು ಹೇಳಲಾರೆ. ಮನೆಯಲ್ಲಿ ಒಬ್ಬನಾದರೂ ತನ್ಮಯನಾಗಿ ಕೆಲಸ ಮಾಡುವುದನ್ನು ಕಂಡೇ ಮಕ್ಕಳು ಶ್ರದ್ಧೆಯನ್ನು ಕಲಿಯುವುದು. ಆದರೆ ಆ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳಬೇಡಿರಿ. ಮಗುವಿನಿಂದ ಏನಾದರೂ ಕೆಟ್ಟಿತೆಂದು ಸಿಟ್ಟು ಬಂದಾಗ, ಕೂಗುವುದಕ್ಕೆ ಮೊದಲು ಒಮ್ಮೆ ಕೇಳಿಕೊಳ್ಳಿರಿ: ಇದರಿಂದ ನಿಜವಾಗಿಯೂ ಕೆಡುವುದೇನು? ಗಾಜಿಗೆ ಬಿದ್ದ ಗೀಟಿನ ಮೇಲೆ ಲೇಪ ಹಾಕಬಹುದು. ಮಗುವಿನ ಮನಸ್ಸಿಗೆ ಬಿದ್ದ ಗೀಟು ಆರಿತೋ ಇಲ್ಲವೋ ಎಂಬುದು ಮಗುವಿಗೇ ಗೊತ್ತು.

ಈಗ ಮಗಳ ಮನೆಯಲ್ಲಿ 8 ಅಂಗುಲದ ಗಾಜು ಬಂದಿದೆಯಂತೆ. ಈ ಸಲದ ಪ್ರದಕ್ಷಿಣೆ ತಂದೆ, ತಾಯಿ, ಮಗಳು ಮೂವರದೂ ಸರದಿಯಂತೆ ನಡೆಯುತ್ತಿದೆ. ಆ ಎರಡು ವರ್ಷದವನು ಹಿಂದೆ ಹಿಂದೆ ಓಡುತ್ತಾನಂತೆ. ಹಾಲಿನ ಪಾತ್ರೆಗಳನ್ನು ಮಾತ್ರ ಎತ್ತರದ ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆಂದು ನಮ್ಮ ಮನೆಯವರು ದೂರವಾಣಿಯಲ್ಲಿ ತಾಕೀತು ಮಾಡಿದ್ದಾರೆ.