ಕಿಟಕಿಗೆ ಕಾಲು ಬಂತು

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷ ಅನ್ನುತ್ತಾರೆ. ಹಸುವಿನ ಕಣ್ಣು ಎಂದರ್ಥ. ಇಂಗ್ಲಿಷಿನ ವಿಂಡೋ ಅನ್ನುವ ಮಾತು ಹುಟ್ಟಿದ್ದು ಹಳೆಯ ನಾರ್ಸ್ ಭಾಷೆಯಲ್ಲಿ. ಅಲ್ಲಿ ಅದರ ಅರ್ಥ ಗಾಳಿಯ ಕಣ್ಣು. ಎಲ್ಲಿ ಹೋದರೂ ಕಿಟಕಿ ಅಂದರೆ ಕಣ್ಣೇ. ಕಣ್ಣು ನೋಡುತ್ತದೆ, ಆದರೆ ನಡೆಯುವುದಿಲ್ಲ. ನಮ್ಮ ಅತ್ತೆಯವರ ಕಷ್ಟವೂ ಅದೇ ಆಗಿತ್ತು.

ನಮ್ಮದು ಕೊಳ್ಳೇಗಾಲದ ಹಳೆಯ ಹೆಂಚಿನ ಮನೆ. 1968ರಲ್ಲಿ ಮಾವನವರು ಕಟ್ಟಿಸಿದ್ದು. ಅವರು ರೇಷ್ಮೆ ಸೀರೆ ನೇಯುತ್ತಿದ್ದರು. ಹಿಂದಿನ ಕೋಣೆಯಲ್ಲೇ ಕುಣಿ ಮಗ್ಗ. ಕುಣಿ ಮಗ್ಗವನ್ನು ನೋಡದ ಮಕ್ಕಳಿಗೆ ಒಂದು ಮಾತು: ಈ ಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲೇ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಕಾಲಿನಿಂದ ತುಳಿಯುವ ಹಲಗೆಗಳು ಕುಣಿಯಲ್ಲಿ, ಎಳೆಗಳು ಮಡಿಲಿನ ಎತ್ತರದಲ್ಲಿ. ಬೆಳಕು ಆ ಎಳೆಗಳ ಮೇಲೆ ಬೀಳಬೇಕು. ಅದಕ್ಕೇ ಮಾವನವರು ಪೂರ್ವದ ಗೋಡೆಯಲ್ಲಿ, ನೆಲದಿಂದ ಎರಡೇ ಅಡಿ ಎತ್ತರಕ್ಕೆ, ಮೂರೂವರೆ ಅಡಿ ಅಗಲದ ದೊಡ್ಡ ಕಿಟಕಿ ಇಡಿಸಿದ್ದರು. ಹೊನ್ನೆ ಮರದ ಎರಡು ರೆಕ್ಕೆ. ಮಗ್ಗ ನಿಂತು ಹದಿನೈದು ವರ್ಷವಾಯಿತು, ಕುಣಿ ಮುಚ್ಚಿತು. ಆ ಕೋಣೆ ಅತ್ತೆಯವರದಾಯಿತು.

ಕಿಟಕಿಯ ಆಚೆಗೆ ಹಿತ್ತಲು. ಮಲ್ಲಿಗೆ ಬಳ್ಳಿ, ಕರಿಬೇವು, ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು. ಎಲ್ಲವೂ ಅತ್ತೆಯವರ ಕೈಯಲ್ಲಿ ಬೆಳೆದದ್ದು. ಆದರೆ ಅಲ್ಲಿಗೆ ಹೋಗಬೇಕಾದರೆ ಅಡುಗೆಮನೆ ದಾಟಿ, ಬಚ್ಚಲ ಪಕ್ಕದಲ್ಲಿ ಹಾದು, ಒಂದಡಿ ಎತ್ತರದ ಹೊಸ್ತಿಲು ಹತ್ತಿಳಿದು, ಒಂದೊಂದು ಒಂದೊಂದು ಎತ್ತರದ ಮೂರು ಮೆಟ್ಟಿಲು ಇಳಿಯಬೇಕು. ಕಳೆದ ಆಷಾಢದಲ್ಲಿ ಆ ಮೆಟ್ಟಿಲ ಮೇಲೆ ಜಾರಿ ಅತ್ತೆಯವರ ಕೈಮೂಳೆ ಮುರಿಯಿತು. ಕೈ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಎಂಟು ತಿಂಗಳು ಅವರು ಹಿತ್ತಲಿಗೆ ಕಾಲಿಡಲಿಲ್ಲ. ಕಿಟಕಿಯಲ್ಲಿ ಕೂತು, "ಆ ಬಳ್ಳಿಗೆ ನೀರು ಸಾಲದು, ಈ ಕೊಂಬೆ ಒಣಗದ" ಎಂದು ನನ್ನ ಮಗಳಿಗೆ ಅಪ್ಪಣೆ ಮಾಡುತ್ತಿದ್ದರು. ಆಮೇಲಾಮೇಲೆ ಅಪ್ಪಣೆಯೂ ಕಮ್ಮಿಯಾಯಿತು. ನನಗೆ ಹೆದರಿಕೆಯಾದದ್ದು ಅವರ ಕೈ ಮುರಿದಾಗ ಅಲ್ಲ, ಹೀಗೆ ಸುಮ್ಮನಾದಾಗ.

"ಕಿಟಕಿಯನ್ನೇ ಬಾಗಿಲು ಮಾಡಿಬಿಟ್ಟರೆ?" ಎಂದು ಕೇಳಿದ್ದು ಐದನೇ ಕ್ಲಾಸಿನ ಮಗಳು. ದೊಡ್ಡವರಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ದೊಡ್ಡ ಊರುಗಳಲ್ಲಿ ಇಂಥದ್ದಕ್ಕೆ ಪ್ಯಾಟಿಯೋ ಡೋರ್ ಅನ್ನುತ್ತಾರೆ. ಪ್ಯಾಟಿಯೋ ಎಂಬುದು ಸ್ಪೇನಿನವರ ಮಾತು, ಮನೆಯೊಳಗಿನ ತೆರೆದ ಅಂಗಳ ಅಂತ. ನಮ್ಮ ತೊಟ್ಟಿಮನೆಯ ತೊಟ್ಟಿಗೆ ದೂರದ ನೆಂಟ. ಹೆಸರು ಏನಾದರೂ ಇರಲಿ, ಕೆಲಸ ಒಂದೇ: ಕೂತ ಕೋಣೆಯಿಂದ ನೇರ ಬಯಲಿಗೆ ದಾರಿ.

ಬೆಂಗಳೂರಿನ ಭಾವನವರಿಗೆ ಫೋನ್ ಮಾಡಿದೆವು. ಅವರಿಗೆ ಒಪ್ಪಿಗೆಯಿಲ್ಲ. "ಅಪ್ಪ ನಿಂತು ಇಡಿಸಿದ ಕಿಟಕಿ ಅದು. ಹಳೇ ಗೋಡೆ ಬೇರೆ. ಒಡೆಯೋಕೆ ಹೋಗಿ ಮನೆ ಬಿದ್ದರೆ?" ಅಂದರು. ಫೋನು ಅತ್ತೆಯವರ ಕೈಗೆ ಹೋಯಿತು. "ನಿಮ್ಮಪ್ಪ ಕಿಟಕಿ ಇಡ್ಸಿದ್ದು ಬೆಳಕು ಒಳಕ ಬರ್ಲಿ ಅಂತ ಕಣಪ್ಪ, ನಾನು ಒಳಗೇ ಕೂತಿರ್ಲಿ ಅಂತ ಅಲ್ಲ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಭಾವನವರ ಎರಡನೆಯ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಬೇಕಾದವರು ಮೇಸ್ತ್ರಿ.

ಮೇಸ್ತ್ರಿ ಬಂದವರೇ ಕಿಟಕಿ ನೋಡಲಿಲ್ಲ, ಕಿಟಕಿಯ ಮೇಲೆ ನೋಡಿದರು. "ಅಮ್ಮಾರೇ, ಗೋಡ ಒಡೆಯೋದು ಯಾರಾದ್ರೂ ಮಾಡ್ತಾರ. ಒಡದ ಮ್ಯಾಲೂ ನಿಂತಿರ್ಬೇಕಲ್ಲ, ಅದು ಕೆಲ್ಸ" ಅಂದರು.

ಮಕ್ಕಳೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಕಿಟಕಿಯ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ತೊಲೆ ಇರುತ್ತದೆ. ಅದೇ ಲಿಂಟಲ್. ಹಳೆಯ ಮನೆಗಳಲ್ಲಿ ಕಲ್ಲಿನದು ಅಥವಾ ಮರದ್ದು, ಈಗಿನ ಮನೆಗಳಲ್ಲಿ ಕಾಂಕ್ರೀಟಿನದು. ಮೇಲಿನ ಗೋಡೆಯ ಭಾರ, ಸೂರಿನ ಭಾರ ಎಲ್ಲವನ್ನೂ ಅದು ಹೊತ್ತು ಎಡಬಲದ ಗೋಡೆಗೆ ದಾಟಿಸುತ್ತದೆ. ಹಾಗಾಗಿ ಕಿಟಕಿಯ ಕೆಳಗಿರುವ ಗೋಡೆಗೆ ಹೆಚ್ಚು ಹೊರೆಯೇ ಇಲ್ಲ. ಅದು ಬರೀ ತಡೆ. ಅದನ್ನು ತೆಗೆದರೂ ಲಿಂಟಲ್ಲಿಗೆ ಹೊಸ ಭಾರ ಬರುವುದಿಲ್ಲ. ಆದರೆ ಎಡಕ್ಕೋ ಬಲಕ್ಕೋ ಒಂದು ಗೇಣು ಹೆಚ್ಚು ಕತ್ತರಿಸಿದರೆ ಲಿಂಟಲ್ಲಿನ ಕಾಲೇ ಹೋಗುತ್ತದೆ. ಮೇಸ್ತ್ರಿ ಹೇಳಿದ ಸೂತ್ರ ಇಷ್ಟೇ: ಕೆಳಕ್ಕೆ ಹೋಗಿ, ಅಗಲಕ್ಕೆ ಹೋಗಬೇಡಿ.

ಒಂದು ಉದ್ದನೆಯ ರಬ್ಬರ್ ತೆಗೆದುಕೊಂಡು ಅದರ ಪಕ್ಕದಲ್ಲಿ ಪೆನ್ನಿನಿಂದ ಸಾಲಾಗಿ ನಿಲುವು ಗೆರೆ ಎಳೆಯಿರಿ. ಎರಡೂ ತುದಿಗೆ ಪುಸ್ತಕ ಕೊಟ್ಟು ನಡುವೆ ಬೆರಳಿನಿಂದ ಒತ್ತಿ. ಮೇಲುಗಡೆ ಗೆರೆಗಳು ಹತ್ತಿರ ಬರುತ್ತವೆ, ಕೆಳಗಡೆ ದೂರ ಸರಿಯುತ್ತವೆ. ಅಂದರೆ ತೊಲೆಯ ಮೇಲ್ಭಾಗ ಒತ್ತಿಸಿಕೊಳ್ಳುತ್ತದೆ, ಕೆಳಭಾಗ ಎಳೆಸಿಕೊಳ್ಳುತ್ತದೆ. ಕಲ್ಲು ಎಷ್ಟು ಒತ್ತಿದರೂ ತಡೆಯುತ್ತದೆ, ಎಳೆದರೆ ಬೇಗ ಬಿರುಕು ಬಿಡುತ್ತದೆ. ಕಾಂಕ್ರೀಟೂ ಹಾಗೆಯೇ. ಅದಕ್ಕೇ ಕಾಂಕ್ರೀಟ್ ಲಿಂಟಲ್ಲಿನ ಕೆಳಭಾಗದಲ್ಲಿ ಕಬ್ಬಿಣದ ಸರಳು ಹಾಕುವುದು. ಸರಳು ಇಲ್ಲದ ಕಾಲದಲ್ಲಿ ಕಲ್ಲನ್ನು ದಪ್ಪ ಮಾಡಿ, ಕಂಬಗಳನ್ನು ಹತ್ತಿರ ಇಡುತ್ತಿದ್ದರು. ಯಳಂದೂರಿಗೆ ಹೋದಾಗ ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿ. ಎಲ್ಲರೂ ಅಲ್ಲಿನ ಕಲ್ಲಿನ ಬಳೆಗಳ ಸರಪಳಿ ನೋಡಿ ಬೆರಗಾಗುತ್ತಾರೆ. ನೀವು ಅದರ ಜೊತೆಗೆ ತಲೆಯ ಮೇಲಿನ ಕಲ್ಲನ್ನೂ ಒಮ್ಮೆ ನೋಡಿ ಬನ್ನಿ.

ನಮ್ಮ ಕಿಟಕಿಯ ಮೇಲೆ ಇದ್ದದ್ದು ಕಲ್ಲಿನ ಲಿಂಟಲ್. ಮೇಸ್ತ್ರಿ ಎರಡೂ ತುದಿಯ ಗಾರೆ ಕೆರೆದು, ಕಲ್ಲು ಗೋಡೆಯೊಳಗೆ ಎಷ್ಟು ಕೂತಿದೆ ಎಂದು ಅಳೆದರು. ಆರು ಇಂಚಾದರೂ ಇರಬೇಕು, ನಮ್ಮದು ಒಂಬತ್ತು ಇತ್ತು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿದೆಯೇ ಎಂದು ನೋಡಿದರು, ಇರಲಿಲ್ಲ. ಕೆಳಗಿನ ಗೋಡೆಯಲ್ಲಿ ಕರೆಂಟಿನ ವೈರು, ನೀರಿನ ಪೈಪು ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆಯೇ ಕೆಲಸಕ್ಕೆ ದಿನ ಗೊತ್ತಾದದ್ದು. ನಮ್ಮ ಕಡೆ ಹಿಂಗಾರು ಮಳೆ ಜೋರು, ಹಾಗಾಗಿ ಸಂಕ್ರಾಂತಿ ಕಳೆಯಲಿ ಅಂದರು.

ಮೊದಲು ಲಿಂಟಲ್ಲಿಗೆ ಎರಡು ಸರ್ವೇ ಮರ ಆತು ಕೊಟ್ಟರು. ಹಳೆಯ ಚೌಕಟ್ಟು ಎಷ್ಟೋ ವರ್ಷದಿಂದ ಕಲ್ಲಿಗೆ ತಾಗಿ ನಿಂತಿರುತ್ತದೆ, ಅದನ್ನು ತೆಗೆದಾಗ ಕಲ್ಲು ಕೂದಲೆಳೆಯಷ್ಟೂ ಅಲುಗಬಾರದು. ಆಮೇಲೆ ಎರಡೂ ಕಡೆ ಗ್ರೈಂಡರಿನಿಂದ ನೇರ ಗೆರೆ ಕೊಯ್ದು, ಮೇಲಿನಿಂದ ಕೆಳಕ್ಕೆ ಒಂದೊಂದೇ ಇಟ್ಟಿಗೆ ಬಿಡಿಸಿದರು. ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ ದೊಡ್ಡ ಸುತ್ತಿಗೆ ಹೊಡೆಯುವ ಹಾಗಿಲ್ಲ, ಉಳಿದ ಗೋಡೆಯೂ ಸಡಿಲವಾಗುತ್ತದೆ. ಎರಡಡಿ ಗೋಡೆ ಇಳಿಸಲು ಅರ್ಧ ದಿನ ಹಿಡಿಯಿತು. ಅತ್ತೆಯವರು ಮಂಚದ ಮೇಲೆ ಕೂತು ಒಂದೊಂದು ಇಟ್ಟಿಗೆಯನ್ನೂ ಎಣಿಸಿದರು.

ಮೇಸ್ತ್ರಿ ಬಾಗಿಲ ಮುಂದಿನ ನೆಲವನ್ನು ಹಾರೆಯ ಹಿಂಬದಿಯಿಂದ ಕುಟ್ಟಿದಾಗ ಬೋಳು ಸದ್ದು ಬಂತು. ಅಲ್ಲಿಯೇ ಹಳೆಯ ಮಗ್ಗದ ಕುಣಿ. ತುಂಬಿಸಿದ ಮಣ್ಣು ಕುಗ್ಗಿತ್ತು. ಓಡಾಟ ಶುರುವಾದರೆ ನೆಲ ಕುಸಿಯುವುದು ಖಂಡಿತ. ಬಗೆದು, ಜಲ್ಲಿ ಮಣ್ಣು ಹಾಕಿ, ನೀರು ಬಿಟ್ಟು, ಒಂದೊಂದು ಪದರವಾಗಿ ದಮ್ಮಸ್ಸು ಮಾಡಿಸಿದೆವು. ಬಗೆಯುವಾಗ ಮಣ್ಣಿನಲ್ಲಿ ಒಂದು ಲಾಳಿ ಸಿಕ್ಕಿತು, ತುದಿ ಸವೆದದ್ದು. ಅತ್ತೆಯವರು ಅದನ್ನು ಸೆರಗಿನಲ್ಲಿ ಒರೆಸಿ ದಿಂಬಿನ ಪಕ್ಕ ಇಟ್ಟುಕೊಂಡರು, ಏನೂ ಹೇಳಲಿಲ್ಲ. ಆವತ್ತು ಮಧ್ಯಾಹ್ನ ಯಾರೂ ಅವರನ್ನು ಮಾತಾಡಿಸಲಿಲ್ಲ.

ಇನ್ನು ಬಾಗಿಲು. ಹೊನ್ನೆ ಮರದ ಆ ಎರಡು ರೆಕ್ಕೆಗಳನ್ನು ಬಿಸಾಡಲು ಯಾರಿಗೂ ಮನಸ್ಸಿಲ್ಲ. ಬಡಗಿ ಒಂದು ಉಪಾಯ ಮಾಡಿದರು. ಹಳೆಯ ರೆಕ್ಕೆಗೆ ಕೆಳಗೆ ಹಲಗೆ ಅಂಟಿಸಿದರೆ ಜೋತುಬೀಳುತ್ತದೆ. ಅದಕ್ಕೆ ಪೂರ್ತಿ ಎತ್ತರದ ಹೊಸ ಕಟ್ಟು ಮಾಡಿ, ಅದರ ಮೇಲ್ಭಾಗಕ್ಕೆ ಹಳೆಯ ರೆಕ್ಕೆಯನ್ನು ಕೂರಿಸಿ, ಕೆಳಗಿನ ಎರಡಡಿಗೆ ಹೊಸ ಹಲಗೆ ಕೊಟ್ಟರು. "ಕಿಟಕಿಗೆ ಕಾಲು ಬಂತು!" ಅಂತ ಮಗಳು ಕುಣಿದಳು. ಚೌಕಟ್ಟು ಕಳೆದು ಒಳಗಿನ ಅಗಲ ಸರಿಯಾಗಿ ಮೂರು ಅಡಿ. ಕೋಲು ಹಿಡಿದವರಿಗೂ, ಮುಂದೆ ಬೇಕಾದರೆ ಗಾಲಿಕುರ್ಚಿಗೂ ಅಷ್ಟು ಬೇಕು.

ಹಿತ್ತಲು ಕೋಣೆಯ ನೆಲಕ್ಕಿಂತ ಒಂದೂವರೆ ಅಡಿ ತಗ್ಗು. ಇಳಿಜಾರು ಮಾಡೋಣ ಅಂದೆ. ಲೆಕ್ಕ ಹಾಕಿದೆವು: ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಬೇಕು, ಅಂದರೆ ಒಂದೂವರೆ ಅಡಿಗೆ ಹದಿನೆಂಟು. ನಮ್ಮ ಹಿತ್ತಲ ಆಳವೇ ಹದಿನಾಲ್ಕು. ಕಡಿದಾದ ಇಳಿಜಾರು ಮೆಟ್ಟಿಲಿಗಿಂತ ಅಪಾಯ. ಕೊನೆಗೆ ಬಾಗಿಲ ಮಟ್ಟದಲ್ಲೇ ನಾಲ್ಕಡಿ ಚದರದ ಜಗಲಿ, ಅಲ್ಲಿಂದ ಆರಾರು ಇಂಚಿನಂತೆ ಇಳಿದು ನೆಲ ಮುಟ್ಟುವ ಮೆಟ್ಟಿಲು, ಕಾಲಿಡಲು ಒಂದೊಂದು ಅಡಿ ಅಗಲ, ಎರಡೂ ಕಡೆ ಕಬ್ಬಿಣದ ಕೈಪಿಡಿ ಮಾಡಿಸಿದೆವು. ಜಗಲಿ ಹೊಸ್ತಿಲಿಗಿಂತ ಅರ್ಧ ಇಂಚು ತಗ್ಗು, ಹೊರಕ್ಕೆ ಸ್ವಲ್ಪ ವಾಟ. ಇಲ್ಲದಿದ್ದರೆ ಮಳೆ ನೀರು ನೇರ ಮಂಚದ ಕೆಳಗೆ. ಸೊಳ್ಳೆಗೆ ಜಾಲರಿ ಬಾಗಿಲು, ಹುಳಹುಪ್ಪಟೆ ನುಸುಳದಂತೆ ಅಡಿಯಲ್ಲಿ ರಬ್ಬರ್ ಪಟ್ಟಿ, ರಾತ್ರಿಗೆ ಒಳಗಿನಿಂದ ಅಡ್ಡಪಟ್ಟಿ.

ನಿಮ್ಮ ಮನೆಯಲ್ಲೂ ಇಂಥ ಯೋಚನೆ ಇದ್ದರೆ ನಾಲ್ಕು ಮಾತು ನೆನಪಿಡಿ. ಲಿಂಟಲ್ಲಿಗಿಂತ ಅಗಲ ಬೇಕೆನಿಸಿದರೆ ಅದು ಮೇಸ್ತ್ರಿಯೊಬ್ಬರ ಕೆಲಸವಲ್ಲ, ಎಂಜಿನಿಯರನ್ನು ಕರೆಸಿ. ಪಿಲ್ಲರ್ ಮನೆಯಾದರೆ ಗೋಡೆ ತೆಗೆಯಬಹುದು, ಪಿಲ್ಲರಿಗೂ ಬೀಮಿಗೂ ಕೈ ಹಚ್ಚಬಾರದು. ಗಾಜಿನ ಬಾಗಿಲು ಇಡುವುದಾದರೆ ಟಫನ್ಡ್ ಗಾಜೇ ಇರಲಿ, ಪಶ್ಚಿಮಕ್ಕೆ ಮುಖವಾದರೆ ಬಿಸಿಲಿನ ಯೋಚನೆಯೂ ಇರಲಿ. ಹೊಸ ಬಾಗಿಲು ರಸ್ತೆಗೋ ಪಕ್ಕದವರ ಜಾಗಕ್ಕೋ ತೆರೆಯುವುದಾದರೆ ಮೊದಲು ನಗರಸಭೆಯಲ್ಲಿ ವಿಚಾರಿಸಿ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೊರಟ ಭಾವನವರು ದಾರಿಯಲ್ಲಿ ಮನೆಗೆ ಬಂದರು. ಬಾಗಿಲನ್ನು ಒಳಗಿನಿಂದ ನೋಡಿದರು, ಹೊರಗಿನಿಂದ ನೋಡಿದರು, ಹೊನ್ನೆ ಮರದ ರೆಕ್ಕೆಯ ಮೇಲೆ ಕೈಯಾಡಿಸಿದರು. ಜಗಲಿಯ ಮೇಲೆ ಅಮ್ಮನ ಪಕ್ಕ ಕೂತು ಕಾಫಿ ಕುಡಿದು, "ಅಪ್ಪ ಇದ್ದಿದ್ದರೆ ಇಲ್ಲೇ ಕೂರುತ್ತಿದ್ದರು" ಅಂದರು.

ಅತ್ತೆಯವರು ಈಗ ಬೆಳಗಿನ ಹೊತ್ತು ಒಳಗೆ ಸಿಗುವುದಿಲ್ಲ. ಮೊಗ್ಗು ಬಿಡಿಸುವುದು, ಕಟ್ಟುವುದು, ಪಾತಿ ಮಾಡಿಸುವುದು ಎಲ್ಲ ಹೊರಗೆ. ಅಪ್ಪಣೆಗಳು ವಾಪಸು ಬಂದಿವೆ, ಬಡ್ಡಿ ಸಮೇತ. ಮೊನ್ನೆ ಅಡುಗೆಮನೆಯಲ್ಲಿ ನಿಂತು ಸುತ್ತ ಕಣ್ಣಾಡಿಸಿ ನನ್ನನ್ನು ಕರೆದರು. "ಈ ಕಿಟಕಿಯೂ ಅಗಲಾಗೇ ಅದಲ್ಲವ್ವ?"

ಮೇಸ್ತ್ರಿಯ ಫೋನ್ ನಂಬರನ್ನು ನಾನು ಸದ್ಯಕ್ಕೆ ಅವರ ಕೈಗೆ ಸಿಗದಂತೆ ಇಟ್ಟಿದ್ದೇನೆ.